ಮರಳಿ ಮರಳಿ ಕೇಳುವ ಪ್ರಶ್ನೆ

‘ವಿಡಿಯೋ ಕರೆಯಲ್ಲಿ ಪೊಲೀಸರು ಬಂಧಿಸಬಲ್ಲರೆ?’ ಎಂಬ ಪ್ರಶ್ನೆಗೆ ಉತ್ತರವೊಂದೇ: ‘ಡಿಜಿಟಲ್ ಬಂಧನ’ವೆಂಬುದು ನಮ್ಮ ಕಾನೂನಿನಲ್ಲಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ವಿಜಯಪುರದವರೊಬ್ಬರಿಗೆ ಬಂದ ಇಂತಹ ಕರೆಯನ್ನೇ ‘ಮನ್ ಕಿ ಬಾತ್’ನಲ್ಲಿ ಕೇಳಿಸಿ ಇದನ್ನು ಸಾರಿದರು. ಆದರೂ ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿರುವ ನಮ್ಮ ಹಿರಿಯರು ಮರಳಿ ಕೇಳುತ್ತಾರೆ. ಇದನ್ನು ಅಜ್ಞಾನವೆಂದು ಎಣಿಸುವುದು ತಪ್ಪು. ವಂಚಕನು ‘ಯಾರಿಗೂ ಹೇಳಕೂಡದು’ ಎಂದು ಬೆದರಿಸಿ ಮೊದಲು ಅವರನ್ನು ಒಂಟಿಯಾಗಿಸುತ್ತಾನೆ. ಆ ಭಯದಲ್ಲಿ ಓದಿದ್ದು ನೆನಪಿಗೆ ಬಾರದು. ‘ಮೊನ್ನೆಯೇ ಹೇಳಿದೆನಲ್ಲ’ ಎಂದು ಗದರಿಸಿದರೆ (ವಿದ್ಯಾವಂತರಾದ ನಮಗೇ ಈ ಚಾಳಿ ಹೆಚ್ಚು) ಅವರು ಮುಂದಿನ ಸಲ ಕೇಳದೆಯೇ ಹಣ ಕಳುಹಿಸಿಯಾರು. ಹಣ ಹೋದ ಮೇಲೂ ಒಡನೆಯೇ 1930 ಸಹಾಯವಾಣಿಗೆ ತಿಳಿಸಿದರೆ, ಅದು ಕೈ ಬದಲಾಗುವ ಮುನ್ನ ಬ್ಯಾಂಕು ತಡೆಹಿಡಿಯಲು ಅವಕಾಶವುಂಟು. ಆ ಸಂಖ್ಯೆಯನ್ನು ಹತ್ತನೆಯ ಸಲವೂ ನಿಧಾನವಾಗಿ ಬರೆಸಬೇಕು.