ಗರಗಸದ ಮನೆಯ ಹಾಡು

ಹತ್ತಿರದ ನೆಂಟರ ಮನೆಯಲ್ಲಿ ಎರಡು ಮಾರಾಟಕ್ಕಿದ್ದವು: ಒಂದು ಹಂದಿ, ಒಂದು ಬ್ಯಾಂಜೋ. ಎರಡಕ್ಕೂ ಐದೈದು ಡಾಲರ್ ಬೆಲೆ. ಎರಡನ್ನೂ ಕೊಳ್ಳುವ ತಾಕತ್ತು ಲೂಸಿ ಸ್ಟ್ಯಾನ್ಲಿಗೆ ಇರಲಿಲ್ಲ. ಕಿರಿಮಗ ರಾಲ್ಫ್‌ಗೆ ಆಗ ಹನ್ನೊಂದರ ಆಸುಪಾಸು. ಯಾವುದು ಬೇಕೋ ನೀನೇ ಹೇಳು ಎಂದಳು. ಹುಡುಗನಿಗೆ ಪ್ರಾಣಿಗಳೆಂದರೆ ಜೀವ. ಮುಂದೆ ಪಶುವೈದ್ಯನಾಗುವ ಆಸೆಯನ್ನೂ ಇಟ್ಟುಕೊಂಡಿದ್ದವನು. ಆದರೂ ಬ್ಯಾಂಜೋ ಎಂದ. ಲೂಸಿ ಸಣ್ಣದೊಂದು ಅಂಗಡಿ ನಡೆಸುತ್ತಿದ್ದಳು. ನೆಂಟರು ಐದು ಡಾಲರಿಗೆ ಸಮನಾಗಿ ದಿನಸಿ ಒಯ್ದರು, ಲೆಕ್ಕ ಚುಕ್ತಾ ಆಯಿತು.

ಇದು ನಡೆದದ್ದು 1930ರ ದಶಕದ ಕೊನೆಯಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯ ಡಿಕೆನ್ಸನ್ ಕೌಂಟಿಯಲ್ಲಿ. ಆ ಹುಡುಗ ಮತ್ತು ಅವನ ಅಣ್ಣ ಕಾರ್ಟರ್ ಸೇರಿ ಮುಂದೆ ‘ಸ್ಟ್ಯಾನ್ಲಿ ಬ್ರದರ್ಸ್’ ಆದರು. ಬ್ಯಾಂಜೋ, ಗಿಟಾರು, ಮ್ಯಾಂಡೊಲಿನ್, ಪಿಟೀಲುಗಳನ್ನು ಕೂಡಿಸಿ ಕಟ್ಟಿದ, ಇಂದು ಬ್ಲೂಗ್ರಾಸ್ ಎಂದು ಜಗತ್ತು ಕರೆಯುವ ಸಂಗೀತದ ಮೊದಲ ಸಾಲಿನವರಲ್ಲಿ ಬಿಲ್ ಮನ್ರೋನ ಬೆನ್ನಿಗೇ ಇವರ ಹೆಸರು ಬರುತ್ತದೆ. ಇವರ ಹಾಡಿಕೆಯ ಬೇರು ಹುಡುಕಿಕೊಂಡು ಹೊರಟರೆ ನಾವು ಹೋಗಿ ನಿಲ್ಲುವುದು ಸಾಮಿಲ್ಲು ನಡೆಸುತ್ತಿದ್ದ ಒಬ್ಬನ ಮನೆ ಬಾಗಿಲಲ್ಲಿ. ಅವನೇ ಲೀ ಸ್ಟ್ಯಾನ್ಲಿ, ಹುಡುಗರ ಅಪ್ಪ.

ಡಿಕೆನ್ಸನ್ ಕೌಂಟಿ ಹುಟ್ಟಿದ್ದು 1880ರಲ್ಲಿ. ವರ್ಜೀನಿಯಾದ ಕೌಂಟಿಗಳಲ್ಲಿ ಅದೇ ಕಿರಿಯದು. ಕೆಂಟಕಿಯ ಗಡಿಗೆ ಅಂಟಿಕೊಂಡ ಅಪಲೇಚಿಯನ್ ಬೆಟ್ಟಸಾಲು, ಕಿರಿದಾದ ಕಣಿವೆಗಳು, ಕಣಿವೆಗೊಂದು ಹಳ್ಳ. ಹೊರಗಿನ ಜಗತ್ತು ಅಲ್ಲಿಗೆ ಬಂದದ್ದು ಮರಕ್ಕಾಗಿ, ಆಮೇಲೆ ಕಲ್ಲಿದ್ದಲಿಗಾಗಿ. ಮೊದಮೊದಲು ಹೊಳೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಒಮ್ಮೆಲೇ ಒಡ್ಡು ತೆಗೆದು, ಆ ರಭಸದಲ್ಲಿ ದಿಮ್ಮಿಗಳನ್ನು ತೇಲಿಬಿಡುತ್ತಿದ್ದರು. 1915ರಲ್ಲಿ ಕ್ಲಿಂಚ್‌ಫೀಲ್ಡ್ ರೈಲುಹಾದಿ ಈ ಬೆಟ್ಟಗಳನ್ನು ಕೊರೆದು ಕೆಂಟಕಿಯ ಎಲ್ಕ್‌ಹಾರ್ನ್ ಸಿಟಿಯನ್ನು ಮುಟ್ಟಿದ ಮೇಲೆ ಕಾಡು ಕರಗುವ ವೇಗ ಹೆಚ್ಚಿತು. ದೊಡ್ಡ ಕಂಪನಿಗಳು ದೊಡ್ಡ ಮರಗಳನ್ನು ಕಡಿದುಕೊಂಡು ಹೋದವು. ಅವು ಬಿಟ್ಟುಹೋದದ್ದನ್ನು ಕೊಯ್ದು ಬದುಕಿದವರು ಲೀ ಸ್ಟ್ಯಾನ್ಲಿಯಂಥ ಸ್ಥಳೀಯರು.

ಅಂಥವರ ಸಾಮಿಲ್ಲನ್ನು ದೊಡ್ಡ ಕಾರ್ಖಾನೆ ಎಂದು ಊಹಿಸಿಕೊಳ್ಳಬಾರದು. ಒಂದು ದುಂಡು ಗರಗಸ, ಅದನ್ನು ತಿರುಗಿಸಲು ಬೆಲ್ಟು, ಬೆಲ್ಟಿನ ಆ ತುದಿಗೆ ಉಗಿ ಎಂಜಿನ್ನು ಇಲ್ಲವೇ ಹಳೆಯ ಮೋಟಾರು. ದಿಮ್ಮಿಯನ್ನು ಗಾಲಿಗಳ ಮೇಲಿನ ಚೌಕಟ್ಟಿಗೆ ಕಚ್ಚಿಸಿ ಗರಗಸದ ಕಡೆಗೆ ದೂಡುತ್ತಾರೆ. ಮೊದಲ ಕೊಯ್ತಕ್ಕೆ ತೊಗಟೆ ಸಮೇತ ಹೊರಹೋಳು ಬೀಳುತ್ತದೆ. ದಿಮ್ಮಿಯನ್ನು ತಿರುಗಿಸಿ ತಿರುಗಿಸಿ ನಾಲ್ಕೂ ಮಗ್ಗುಲು ಚೌಕ ಮಾಡಿಕೊಂಡ ಮೇಲೆ ಹಲಗೆ ಬರಲು ಶುರು. ಆ ಕಡೆ ನಿಂತವನು ಹಲಗೆಯನ್ನು ಹಿಡಿದೆಳೆದು ಪಕ್ಕಕ್ಕೆ ಪೇರಿಸಬೇಕು. ಅವನ ಕೈಗೂ ತಿರುಗುವ ಹಲ್ಲುಗಳಿಗೂ ನಡುವೆ ತಡೆ ಅಂತ ಏನೂ ಇರುತ್ತಿರಲಿಲ್ಲ. ಗಣಿಗಳಿಗೆ ಊರೆಗಂಬ, ರೈಲಿಗೆ ಸ್ಲೀಪರು, ಮನೆಗೆ ಹಲಗೆ, ಎಲ್ಲವೂ ಹೀಗೇ ಬರುತ್ತಿದ್ದವು. ಒಂದು ಕಣಿವೆಯ ಮರ ಮುಗಿಯಿತೆಂದರೆ ಇಡೀ ಸಾಮಿಲ್ಲನ್ನು ಬಿಚ್ಚಿ ಹೇರಿಕೊಂಡು ಮುಂದಿನ ಕಣಿವೆಗೆ ಹೋಗಬೇಕು. ದಿಮ್ಮಿ ಹೊತ್ತು ತರುವುದಕ್ಕಿಂತ ಗರಗಸ ಹೊತ್ತೊಯ್ಯುವುದೇ ಹಗುರ.

ಆ ಹೊತ್ತಿಗೆ ಬೆಟ್ಟದಲ್ಲಿ ಇನ್ನೊಂದು ಸಾವು ನಡೆಯುತ್ತಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಂಡ ಶಿಲೀಂಧ್ರ ರೋಗವೊಂದು ದಕ್ಷಿಣಕ್ಕೆ ಇಳಿಯುತ್ತ ಬಂದು, ನಾಲ್ಕೈದು ದಶಕಗಳಲ್ಲಿ ಮುನ್ನೂರರಿಂದ ನಾನೂರು ಕೋಟಿ ಅಮೆರಿಕನ್ ಚೆಸ್ಟ್‌ನಟ್ ಮರಗಳನ್ನು ಒಣಗಿಸಿತು ಎಂದು ಅಂದಾಜು. ಬೆಟ್ಟದವರಿಗೆ ಆ ಮರವೇ ಹಂದಿಗೆ ಮೇವು, ಮಕ್ಕಳಿಗೆ ತಿಂಡಿ, ಬೇಲಿಗೆ ಗೂಟ, ಮನೆಗೆ ತೊಲೆ. ಸ್ಟ್ಯಾನ್ಲಿ ಹುಡುಗರು ಬೆಳೆದದ್ದು ಈ ಮರಗಳು ನಿಂತಲ್ಲೇ ಬೆಳ್ಳಗಾಗಿ ಸತ್ತ ವರ್ಷಗಳಲ್ಲಿ.

ಮನೆ ದೊಡ್ಡದು. ಲೀಗೂ ಲೂಸಿಗೂ ಇದು ಎರಡನೆಯ ಮದುವೆ. ಇಬ್ಬರಿಗೂ ಮೊದಲ ಸಂಬಂಧದ ಮಕ್ಕಳಿದ್ದರು. ಇವರಿಬ್ಬರಿಗೆ ಹುಟ್ಟಿದವರು 1925ರ ಆಗಸ್ಟ್‌ನಲ್ಲಿ ಕಾರ್ಟರ್, 1927ರ ಫೆಬ್ರವರಿಯಲ್ಲಿ ರಾಲ್ಫ್. ಲೂಸಿಯ ತವರಾದ ಸ್ಮಿತ್ ಮನೆತನ ಇನ್ನೂ ದೊಡ್ಡದು: ಆಕೆಗೆ ಹನ್ನೊಂದು ಮಂದಿ ಒಡಹುಟ್ಟಿದವರು, ಅಷ್ಟೂ ಜನಕ್ಕೆ ಐದು ತಂತಿಯ ಬ್ಯಾಂಜೋ ನುಡಿಸಲು ಬರುತ್ತಿತ್ತು ಎಂದು ರಾಲ್ಫ್ ಮುಂದೆ ಹೇಳುತ್ತಿದ್ದ. 1936ರಲ್ಲಿ ಸಂಸಾರ ಬಿಗ್ ಸ್ಪ್ರ್ಯಾಡಲ್ ಹಳ್ಳದ ಬದಿಯಿಂದ ಬೆಟ್ಟದ ಮೇಲಿನ ಸ್ಮಿತ್ ರಿಡ್ಜ್‌ಗೆ, ಅಂದರೆ ತಾಯಿಯ ಕಡೆಯವರ ನೆಲಕ್ಕೆ, ಬಂದು ನೆಲೆಸಿತು.

ಇಂಥ ಮನೆಯೆಂದರೆ ಸಂಜೆಯಾದರೆ ಎಲ್ಲರೂ ಒಟ್ಟಿಗೆ ಕೂತು ಹಾಡುತ್ತಿದ್ದರು ಎಂದು ಬರೆದುಬಿಡುವುದು ಸುಲಭ. ವಾಸ್ತವ ಹಾಗಿರಲಿಲ್ಲ. ಈ ಮನೆಯಲ್ಲಿ ಅಪ್ಪನ ಹಾಡು ಬೇರೆ, ಅಮ್ಮನ ವಾದ್ಯ ಬೇರೆ. ಎರಡೂ ಕಲೆಯುವ ಸಂದರ್ಭಗಳೇ ಕಡಿಮೆ. ಸ್ಟ್ಯಾನ್ಲಿ ಸೋದರರ ಸಂಗೀತದ ಗುಟ್ಟು ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ.

ಲೀ ಯಾವ ವಾದ್ಯವನ್ನೂ ಮುಟ್ಟಿದವನಲ್ಲ. ಹಾಡುತ್ತಿದ್ದ, ಅದೂ ಬರಿಯ ಗಂಟಲಲ್ಲಿ. ಆ ಭಾಗದ ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಇಗರ್ಜಿಗಳಲ್ಲಿ ಇಂದಿಗೂ ಪಿಯಾನೋ ಇಲ್ಲ, ಆರ್ಗನ್ ಇಲ್ಲ. ವಾದ್ಯ ಅಲ್ಲಿ ಸಲ್ಲದು. ಹಾಡಿನ ಪುಸ್ತಕದಲ್ಲಿ ಪದಗಳಷ್ಟೇ ಇರುತ್ತವೆ, ಸ್ವರ ಬರೆದಿರುವುದಿಲ್ಲ. ಮುಂದಾಳು ಒಂದು ಸಾಲನ್ನು ರಾಗವಾಗಿ ಬೇಗ ಬೇಗ ಹೇಳಿಕೊಡುತ್ತಾನೆ, ಸಭೆ ಅದನ್ನು ಹಿಡಿದು ಎಳೆದೆಳೆದು ಹಾಡುತ್ತದೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿಕೊಳ್ಳುವ ಹಾಗೆಯೇ ಇದು. ಆದರೆ ತಾಳವಿಲ್ಲ, ಶ್ರುತಿಯಿಲ್ಲ, ಒಬ್ಬೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ ಸ್ವರವನ್ನು ಬಾಗಿಸುತ್ತಾರೆ. ರಾಲ್ಫ್ ಇನ್ನೂ ಚಿಕ್ಕವನಿದ್ದಾಗಲೇ ಅಪ್ಪ ಅವನನ್ನು ಎಬ್ಬಿಸಿ ನಿಲ್ಲಿಸಿ ಇಂಥದೊಂದು ಹಾಡಿನ ಸಾಲು ಹೇಳಿಕೊಡಲು ಹಚ್ಚಿದ್ದ. ಇಗರ್ಜಿಯ ಆಚೆ ಲೀ ಹಾಡುತ್ತಿದ್ದದ್ದು ‘ಪ್ರೆಟಿ ಪಾಲಿ’, ‘ಓಮಿ ವೈಸ್’ನಂಥ ಕೊಲೆಯ ಕಥನಗೀತೆಗಳನ್ನು, ‘ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೋ’ ಹಾಡನ್ನು. ಮಕ್ಕಳು ಅವನ್ನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ, ಯಾವ ಪಕ್ಕವಾದ್ಯವೂ ಇಲ್ಲದೆ.

ಲೂಸಿಯ ಬ್ಯಾಂಜೋ ಕೇಳುತ್ತಿದ್ದದ್ದು ನೆರೆಹೊರೆಯವರು ಸೇರುವ ಕಡೆ. ಬೀನ್ಸ್ ಕೊಯ್ಲಿನ ಕಾಲದಲ್ಲಿ ಒಬ್ಬರ ಮನೆಯಲ್ಲಿ ಎಲ್ಲರೂ ರಾತ್ರಿ ಸೇರುತ್ತಾರೆ. ರಾಶಿ ಹಾಕಿದ ಹಸಿ ಬೀನ್ಸ್‌ನ ನಾರು ತೆಗೆದು, ಸೂಜಿ ದಾರದಲ್ಲಿ ಒಂದೊಂದನ್ನೇ ನಡುವಿಗೆ ಪೋಣಿಸಿ, ಮಾಲೆ ಮಾಡಿ ಒಲೆಯ ಹಿಂದೆ ಇಲ್ಲವೇ ಜಗಲಿಯಲ್ಲಿ ಒಣಗಲು ತೂಗುಹಾಕುತ್ತಾರೆ. ಚಳಿಗಾಲಕ್ಕೆ ಅವೇ ಪಲ್ಯ. ಕೈಗೆ ಬೇಸರವಾಗುವ ಇಂಥ ಕೆಲಸದ ನಡುವೆ ಒಬ್ಬರು ಬ್ಯಾಂಜೋ ಎತ್ತಿಕೊಂಡರೆ ರಾಶಿ ಕರಗಿದ್ದು ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಬ್ಯಾಂಜೋ ಎಂದರೆ ಗುಂಡಿ ಒತ್ತಿ ನುಡಿಸುವ ಪೆಟ್ಟಿಗೆಯಂಥ ವಾದ್ಯ ನೆನಪಾದೀತು, ಇದು ಅದಲ್ಲ. ಇದರ ಹೊಟ್ಟೆ ಚರ್ಮ ಬಿಗಿದ ದುಂಡು ಬಳೆ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರು ತಮ್ಮ ನೆನಪಿನಿಂದ ಕಟ್ಟಿಕೊಂಡ ವಾದ್ಯದ ಸಂತತಿ ಇದು. ಐದನೆಯ ತಂತಿ ಗಿಡ್ಡ, ಕುತ್ತಿಗೆಯ ನಡುವಿನಿಂದ ಹೊರಡುತ್ತದೆ. ಲೂಸಿ ನುಡಿಸುತ್ತಿದ್ದದ್ದು ಕ್ಲಾಹ್ಯಾಮರ್ ಎಂಬ ಹಳೆಯ ಪದ್ಧತಿಯಲ್ಲಿ: ಕೈಯನ್ನು ಉಗುರಿನ ಬೆನ್ನು ತಂತಿಗೆ ತಾಗುವಂತೆ ಬಾಗಿಸಿಟ್ಟು ಕೆಳಕ್ಕೆ ಬಡಿಯಬೇಕು, ಅದರ ಬೆನ್ನಿಗೇ ಹೆಬ್ಬೆರಳು ಆ ಗಿಡ್ಡ ತಂತಿಯನ್ನು ಮೀಟಿ ಮೇಲೇಳಬೇಕು. ರಾಗ ಎಲ್ಲಿಗೇ ಹೋಗಲಿ, ಆ ಒಂದು ಎತ್ತರದ ಸ್ವರ ಬಿಡದೆ ಗುಂಯ್‌ಗುಡುತ್ತಿರುತ್ತದೆ. ಎರಡನೆಯ ತಂತಿಯನ್ನು ಅರ್ಧ ಸ್ವರ ಏರಿಸಿ ಶ್ರುತಿ ಮಾಡಿಕೊಳ್ಳುವ ಒಂದು ಕ್ರಮವನ್ನು ಬೆಟ್ಟದವರು ‘ಸಾಮಿಲ್ ಟ್ಯೂನಿಂಗ್’ ಎನ್ನುತ್ತಾರೆ. ‘ಪ್ರೆಟಿ ಪಾಲಿ’ಯಂಥ ಹಾಡಿಗೆ ಹಲವರು ಇದನ್ನೇ ಹಿಡಿಯುತ್ತಾರೆ. ಐದು ಡಾಲರಿನ ಬ್ಯಾಂಜೋ ಮನೆಗೆ ಬಂದ ದಿನ ಲೂಸಿ ಅದನ್ನು ಶ್ರುತಿ ಮಾಡಿ, ‘ಶೌಟ್ ಲಿಟ್ಲ್ ಲೂಲಿ’ ಎಂಬ ಒಂದು ಕುಣಿತದ ಮಟ್ಟನ್ನು ನುಡಿಸಿ ತೋರಿಸಿದಳು. ಪಾಠ ಅಂತ ಆದದ್ದು ಅಷ್ಟೇ. ಕಾರ್ಟರ್ ಗಿಟಾರು ಹಿಡಿದ.

ಅಷ್ಟರಲ್ಲಿ ಮನೆ ಒಡೆಯಿತು. ರಾಲ್ಫ್ ಹನ್ನೆರಡು ಹದಿಮೂರರ ಹುಡುಗನಾಗಿದ್ದಾಗ ಲೀ ಇನ್ನೊಬ್ಬ ಹೆಂಗಸಿಗಾಗಿ ಸಂಸಾರ ಬಿಟ್ಟುಹೋದ. ಆ ನೋವು ಎಂಬತ್ತು ದಾಟಿದ ಮೇಲೂ ಮಾಗಿರಲಿಲ್ಲ ಎಂಬುದು 2009ರಲ್ಲಿ ಬಂದ ರಾಲ್ಫ್‌ನ ಆತ್ಮಕಥೆ ಓದಿದವರಿಗೆ ಗೊತ್ತು. ಆದರೆ ಅಪ್ಪ ಪೂರ್ತಿ ಮರೆಯಾಗಲಿಲ್ಲ. 1946ರ ಅಕ್ಟೋಬರಿನಲ್ಲಿ ರಾಲ್ಫ್ ಸೈನ್ಯದಿಂದ ಬಿಡುಗಡೆಯಾಗಿ ಬಂದಾಗ ಬಸ್ಸಿಳಿದ ಕಡೆ ಕಾದು ನಿಂತವರು ಕಾರ್ಟರ್ ಮತ್ತು ಅಪ್ಪ. ಮನೆಗೆ ಹೋಗುವ ಮೊದಲೇ ಅವನನ್ನು ನೇರ ನಾರ್ಟನ್ ಪಟ್ಟಣದ ರೇಡಿಯೋಗೆ ಕರೆದೊಯ್ದರು, ಸಮವಸ್ತ್ರದಲ್ಲೇ ಹಾಡಿದ.

ಮುಂದಿನದು ಸಂಗೀತ ಚರಿತ್ರೆ ಬಲ್ಲವರಿಗೆ ತಿಳಿದಿದ್ದೇ. ಆ ವರ್ಷದ ಡಿಸೆಂಬರಿನಿಂದ ಬ್ರಿಸ್ಟಲ್ ನಗರದ ಡಬ್ಲ್ಯುಸಿವೈಬಿ ನಿಲಯದ ‘ಫಾರ್ಮ್ ಆ್ಯಂಡ್ ಫನ್ ಟೈಮ್’ ಎಂಬ ಮಧ್ಯಾಹ್ನದ ಕಾರ್ಯಕ್ರಮ ಅವರನ್ನು ಐದು ರಾಜ್ಯಗಳ ಅಡುಗೆಮನೆಗಳಿಗೆ ತಲುಪಿಸಿತು. 1949ರಲ್ಲಿ ಕೊಲಂಬಿಯಾ ಧ್ವನಿಮುದ್ರಣ ಕಂಪನಿ ಇವರನ್ನು ಸೇರಿಸಿಕೊಂಡಿತು. ತನ್ನ ಶೈಲಿಯನ್ನೇ ಹೋಲುವವರನ್ನು ಸೇರಿಸಿಕೊಂಡರೆಂದು ಮುನಿದು ಬಿಲ್ ಮನ್ರೋ ಅದೇ ಕಂಪನಿ ಬಿಟ್ಟ. ಸಿಟ್ಟು ಬಹಳ ದಿನ ಉಳಿಯಲಿಲ್ಲ. 1951ರಲ್ಲಿ ಕಾರ್ಟರ್ ಅದೇ ಮನ್ರೋನ ತಂಡದಲ್ಲಿ ಕೆಲಕಾಲ ಹಾಡಿದ. ಸಂಪಾದನೆ ಸಾಲದೆ ಅಣ್ಣತಮ್ಮಂದಿರು ಡೆಟ್ರಾಯಿಟ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕೂಲಿಗೆ ನಿಂತದ್ದೂ ಆ ಸುಮಾರಿನಲ್ಲೇ.

ಮುಖ್ಯವಾದದ್ದು ಅವರು ಮಾಡಿದ ಬೆಸುಗೆ. ಕಾರ್ಟರ್ ಕೆಳಗಿನ ದನಿಯಲ್ಲಿ ಮಾತಾಡಿದ ಹಾಗೆ ಹಾಡುತ್ತಾನೆ. ಅದರ ಮೇಲಿನ ಸ್ವರದಲ್ಲಿ ರಾಲ್ಫ್ ಇಗರ್ಜಿಯಲ್ಲಿ ಕಲಿತ ಬಾಗುಗಳನ್ನು ಬಳಸಿ ಕೂಡುತ್ತಾನೆ. ಕೆಳಗೆ ಬ್ಯಾಂಜೋ ಓಡುತ್ತಿರುತ್ತದೆ. ಅಪ್ಪನ ಗಂಟಲೂ ಅಮ್ಮನ ಬೆರಳೂ ಮನೆಯಲ್ಲಿ ಕೂಡದೆ ಉಳಿದದ್ದು ಮಕ್ಕಳ ಹಾಡಿನಲ್ಲಿ ಕೂಡಿತು. ಕಾರ್ಟರ್ ಬರೆದ ಹಾಡುಗಳಂತೂ ಬಹುಮಟ್ಟಿಗೆ ಬಿಟ್ಟುಬಂದ ಮನೆಯ ಸುತ್ತಲೇ ಸುತ್ತುತ್ತವೆ. ‘ದಿ ವೈಟ್ ಡವ್’ ತೀರಿಕೊಂಡ ತಂದೆತಾಯಿಯರನ್ನು ನೆನೆದು ಅಳುವ ಹಾಡು. ಅದು 1949ರಲ್ಲಿ ಧ್ವನಿಮುದ್ರಣಗೊಂಡಾಗ ಲೀ, ಲೂಸಿ ಇಬ್ಬರೂ ಬದುಕಿದ್ದರು. ತೀರಿಹೋಗಿದ್ದು ಅವರ ಕೂಡುಬಾಳು. ಕಣಿವೆಯ ಮರ ಮುಗಿಸಿ ಮುಂದಿನ ಕಣಿವೆಗೆ ಹೋಗುವ ಕಸುಬಿನ ಮನೆಯಲ್ಲಿ, ಗಂಡಸರು ಎದ್ದು ಹೊರಟುಬಿಡುವ ಊರಿನಲ್ಲಿ ಬೆಳೆದವನು ಮನೆಯನ್ನು ಇಷ್ಟು ತೀವ್ರವಾಗಿ ಹಾಡಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಕುಡಿತ ಕಾರ್ಟರ್‌ನನ್ನು ತಿಂದಿತು. 1966ರ ಡಿಸೆಂಬರ್ 1ರಂದು, ನಲವತ್ತೊಂದನೆಯ ವಯಸ್ಸಿಗೆ ಆತ ತೀರಿಕೊಂಡ. ಸದಾ ಅಣ್ಣನ ಮರೆಯಲ್ಲಿ ನಿಂತು ಹಾಡಿದ, ಮೈಕಿನ ಮುಂದೆ ಮಾತಾಡಲೂ ಹಿಂಜರಿಯುತ್ತಿದ್ದ ರಾಲ್ಫ್ ತಮ್ಮಿಬ್ಬರ ‘ಕ್ಲಿಂಚ್ ಮೌಂಟನ್ ಬಾಯ್ಸ್’ ತಂಡವನ್ನು ಒಬ್ಬನೇ ನಡೆಸಬೇಕಾಯಿತು. ಆಗ ಆತ ಹೊಸತರ ಕಡೆ ಹೋಗಲಿಲ್ಲ, ಇನ್ನೂ ಹಿಂದಕ್ಕೆ, ಅಪ್ಪನ ಇಗರ್ಜಿಯ ಕಡೆಗೆ ಹೋದ. 1971ರ ‘ಕ್ರೈ ಫ್ರಮ್ ದಿ ಕ್ರಾಸ್’ ಧ್ವನಿಮುದ್ರಿಕೆಯಲ್ಲಿ ಕೆಲವು ಹಾಡುಗಳನ್ನು ವಾದ್ಯಗಳನ್ನೆಲ್ಲ ಕೆಳಗಿಟ್ಟು ಬರಿದನಿಯಲ್ಲಿ ಹಾಡಿದ. ಬ್ಲೂಗ್ರಾಸ್‌ನಲ್ಲಿ ಯಾರೂ ಮಾಡದಿದ್ದ ಕೆಲಸ ಅದು. ಆಮೇಲೆ ಹಲವು ತಂಡಗಳು ಕಲಿತವು.

2000ದಲ್ಲಿ ತೆರೆಕಂಡ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರಕ್ಕೆ ‘ಓ ಡೆತ್’ ಹಾಡಬೇಕೆಂದು ಸಂಗೀತ ನಿರ್ಮಾಪಕ ಟಿ ಬೋನ್ ಬರ್ನೆಟ್ ಕರೆದಾಗಲೂ ಇದೇ ಆಯಿತು. ಹಳೆಯ ಕಲಾವಿದ ಡಾಕ್ ಬಾಗ್ಸ್‌ನ ಹಾಗೆ ಬ್ಯಾಂಜೋ ಜೊತೆ ಹಾಡಿ ಎಂಬುದು ಬರ್ನೆಟ್‌ನ ಬೇಡಿಕೆ. ನಮ್ಮ ಇಗರ್ಜಿಯಲ್ಲಿ ಹಾಡುವ ಹಾಗೆ ಹಾಡುತ್ತೇನೆ, ಕೇಳಿ ನೋಡಿ ಎಂದ ರಾಲ್ಫ್. ಸ್ವಲ್ಪ ಹಾಡುವಷ್ಟರಲ್ಲಿ ವಿಷಯ ತೀರ್ಮಾನವಾಗಿತ್ತು. ಅದೇ ಚಿತ್ರದಲ್ಲಿ ಲೀ ಹಾಡುತ್ತಿದ್ದ ‘ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೋ’ ಬೇರೆಯವರ ದನಿಯಲ್ಲಿ ಲೋಕವೆಲ್ಲ ಸುತ್ತಿತು. 2002ರ ಫೆಬ್ರವರಿ 27ರಂದು, ಎಪ್ಪತ್ತೈದು ತುಂಬಿದ ಎರಡು ದಿನಕ್ಕೆ, ‘ಓ ಡೆತ್’ಗಾಗಿ ರಾಲ್ಫ್‌ಗೆ ಕಂಟ್ರಿ ಸಂಗೀತದ ಶ್ರೇಷ್ಠ ಗಾಯಕ ಗ್ರ್ಯಾಮಿ ಬಂತು.

ಅಮ್ಮನ ಪಾಲೂ ಬಿಟ್ಟುಹೋಗಲಿಲ್ಲ. ಕೊನೆಯ ವರ್ಷಗಳಲ್ಲಿ ಕೀಲುನೋವಿನಿಂದ ಬ್ಲೂಗ್ರಾಸ್ ಬ್ಯಾಂಜೋದ ಮೂರು ಬೆರಳಿನ ಚುರುಕು ವಾದನ ರಾಲ್ಫ್‌ಗೆ ಆಗದಾಯಿತು. ಅದನ್ನು ತಂಡದ ಕಿರಿಯರು ವಹಿಸಿಕೊಂಡರು. ಆದರೆ ಕಾರ್ಯಕ್ರಮದ ನಡುವೆ ಅಮ್ಮನ ಕ್ಲಾಹ್ಯಾಮರ್ ಮಟ್ಟೊಂದನ್ನು ಆತನೇ ನುಡಿಸುತ್ತಿದ್ದ, ಯಾರಿಂದ ಕಲಿತೆ ಎಂದು ಹೇಳಿಯೇ ನುಡಿಸುತ್ತಿದ್ದ. 2016ರ ಜೂನ್ 23ರಂದು ತೀರಿಕೊಂಡಾಗ ಸ್ಮಿತ್ ರಿಡ್ಜ್‌ನಲ್ಲೇ, ಅಣ್ಣನಿರುವ ಮನೆತನದ ಸ್ಮಶಾನದಲ್ಲಿ ಮಣ್ಣು ಮಾಡಿದರು. ತಂಡವನ್ನು ಮುಂದೆ ನಡೆಸಿದವನು ಮಗ. ಆತನ ಹೆಸರೂ ರಾಲ್ಫ್ ಸ್ಟ್ಯಾನ್ಲಿ, ಹುಟ್ಟಿದ್ದು ದೊಡ್ಡಪ್ಪ ಕಾರ್ಟರ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಇನ್ನೂ ಹದಿಹರೆಯದವನಿದ್ದಾಗಲೇ ಗಿಟಾರು ಹಿಡಿದು ಅಪ್ಪನ ಪಕ್ಕ ದೊಡ್ಡಪ್ಪನ ಜಾಗದಲ್ಲಿ ನಿಂತವನು, ಕಾರ್ಟರ್ ಹಾಡುತ್ತಿದ್ದ ಭಾಗಗಳನ್ನು ಅವನೇ ಹಾಡುತ್ತ ಬಂದ.