ಸುರಪುರದ ಕುಂಚ, ನಮ್ಮ ಕೈಯ ಮೊಬೈಲ್

2025ರ ಮಾರ್ಚ್ ಕೊನೆಯಲ್ಲಿ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನ ತುಂಬ ಒಂದೇ ಬಗೆಯ ಚಿತ್ರಗಳು. ಉಪ್ಪ, ಉಮ್ಮ, ಗಲ್ಫಿನಲ್ಲಿರುವ ಮಾಮ, ತೊಟ್ಟಿಲ ಕೂಸು, ಎಲ್ಲರೂ ಜಪಾನಿನ ಕಾರ್ಟೂನ್ ಗೊಂಬೆಗಳಾಗಿದ್ದರು. 1985ರಲ್ಲಿ ಶುರುವಾದ ಸ್ಟುಡಿಯೋ ಜಿಬ್ಲಿಯ ಕಲಾವಿದರು ವರ್ಷಗಟ್ಟಲೆ ಕೈಯಲ್ಲಿ ಬಿಡಿಸಿ ರೂಢಿಸಿದ ಶೈಲಿಯನ್ನು ಕೃತಕ ಬುದ್ಧಿಮತ್ತೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಡಿಕೊಟ್ಟಿತು. ನಾವೂ ಮಾಡಿಸಿದೆವು, ಖುಷಿಯೂ ಪಟ್ಟೆವು. ಸುಳ್ಳು ಯಾಕೆ ಹೇಳಬೇಕು?

ಅದೇ ಹುಮ್ಮಸ್ಸಿನಲ್ಲಿ ಮನೆಯ ಮದುವೆಯ ಕಾಗದವನ್ನೂ ಮೊಬೈಲಿನಲ್ಲೇ ಮಾಡಿಸಿದೆವು. ಹೂಬಳ್ಳಿ, ಕಮಾನು, ಮೇಲೆ ಚಿನ್ನದ ಬಣ್ಣದಲ್ಲಿ ಬಿಸ್ಮಿಲ್ಲಾ. ನೋಡಲು ಬಹಳ ಚಂದ. ಹಂಚಿ ಆದ ಮೇಲೆ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, "ಇದರಲ್ಲಿ ಬರೆದದ್ದು ಎಂತ ಮಾರಾಯ್ರೇ? ಇದು ಅಕ್ಷರವೇ ಅಲ್ಲವಲ್ಲ!" ಎಂದರು. ಅವರು ಹೇಳಿದ್ದು ಸರಿ. ಅಲ್ಲಿದ್ದದ್ದು ಅರಬಿಯ ಹಾಗೆ ಕಾಣುವ ಗೆರೆಗಳು ಮಾತ್ರ. ಯಂತ್ರಕ್ಕೆ ಅಕ್ಷರದ ಆಕಾರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಅರ್ಥ ಗೊತ್ತಿದ್ದ ನಾವು ಓದಿ ನೋಡಲಿಲ್ಲ. ಚಂದದ ಕೈಬರಹದವರು ಊರಲ್ಲೇ ಇದ್ದರು. ಅವರನ್ನು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಆ ನಾಚಿಕೆ ಮನಸ್ಸಿನಲ್ಲಿ ಇರುವಾಗಲೇ ಯಾದಗಿರಿ ಕಡೆ ಹೋಗುವ ಸಂದರ್ಭ ಬಂತು. ಕರಾವಳಿಯ ನಮಗೆ ಅದು ದೂರದ ಸೀಮೆ. ಬಿಸಿಲು, ಬಂಡೆ, ಕೃಷ್ಣೆ-ಭೀಮೆಯರ ನಡುವಿನ ನೆಲ. ಆದರೆ ನಮ್ಮ ಪ್ರಶ್ನೆಗೆ ಅಲ್ಲೊಂದು ಹಳೆಯ ಉತ್ತರ ಉಂಟು.

ಬೆಟ್ಟದಲ್ಲಿ ಬುದ್ಧನನ್ನು ಕಂಡವರು

ಶಹಾಪುರದ ಹತ್ತಿರ ಸಾಲುಬೆಟ್ಟಗಳಿವೆ. ಒಂದು ಕೋನದಿಂದ ನೋಡಿದರೆ ಅಂಗಾತ ಮಲಗಿದ ಮನುಷ್ಯನ ಹಣೆ, ಮೂಗು, ಗಲ್ಲ, ಎದೆ ಕಾಣುತ್ತದೆ. ಜನ ಅದನ್ನು ಬುದ್ಧ ಮಲಗಿದ ಬೆಟ್ಟ ಎನ್ನುತ್ತಾರೆ. ಅದನ್ನು ಯಾರೂ ಕೆತ್ತಿಲ್ಲ. ಕಲ್ಲು ಕಲ್ಲಾಗಿಯೇ ಬಿದ್ದಿತ್ತು. ಯಾರೋ ಒಬ್ಬರು ನಿಂತು ನೋಡಿದರು, ಪಕ್ಕದವರಿಗೆ ತೋರಿಸಿದರು, ಅವರೂ ತಲೆಯಾಡಿಸಿದರು. ಸೃಜನಶೀಲತೆ ಎಂದರೆ ದೊಡ್ಡ ಪದ ಅಂತ ಹೆದರಬೇಕಿಲ್ಲ. ಅದು ಶುರುವಾಗುವುದು ಹೀಗೆ ನಿಂತು ನೋಡುವಲ್ಲಿ.

ಅದೇ ಶಹಾಪುರ ತಾಲೂಕಿನ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. ಬಿಜಾಪುರದ ಆದಿಲ್ ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾ ಮತ್ತು ಅವನ ನಂತರದ ಮೊದಲ ಸುಲ್ತಾನರ ಗೋರಿಗಳು ಇರುವುದು ಇಲ್ಲೇ. ಸುಲ್ತಾನರ ಹೆಸರು ಇತಿಹಾಸದ ಪುಸ್ತಕದಲ್ಲಿ ಉಳಿಯಿತು. ಅಲ್ಲಿ ಕಲ್ಲು ಕಡಿದವರ, ಗಾರೆ ಬಳಿದವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಕೆಲಸ ಕಣ್ಣೆದುರು ನಿಂತಿದೆ, ಮಾಡಿದ ಕೈ ಮರೆತುಹೋಗಿದೆ.

ಅರಸ ಹೋದ, ಆಶ್ರಯವೂ ಹೋಯಿತು

ಅಲ್ಲಿಂದ ಸುರಪುರಕ್ಕೆ ಬಂದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಒಂದು ಸ್ವಂತ ಚಿತ್ರಶೈಲಿ ಬೆಳೆಯಿತು. ಸಣ್ಣ ಅಳತೆ, ಸೂಕ್ಷ್ಮ ಗೆರೆ, ಗಾಢ ಬಣ್ಣ, ಚಿನ್ನದ ಕೆಲಸ. ಈ ಕಲೆಯ ಮಾತು ಬಂದಾಗ ಗರುಡಾದ್ರಿ ಮನೆತನದ ಹೆಸರು ಬರುತ್ತದೆ. ಆದರೆ ಮೈಸೂರು, ತಂಜಾವೂರಿನ ಚಿತ್ರಗಳಿಗೆ ಸಿಕ್ಕ ಹೆಸರು ಸುರಪುರಕ್ಕೆ ಸಿಗಲಿಲ್ಲ.

ಬಾಲಕ ರಾಜಾ ವೆಂಕಟಪ್ಪ ನಾಯಕನ ಮೇಲ್ವಿಚಾರಣೆಗೆ 1840ರ ದಶಕದಲ್ಲಿ ಬಂದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1853ರ ತನಕ ಇಲ್ಲಿದ್ದ. ಅವನ ಮನೆ ಟೇಲರ್ ಮಂಜಿಲ್ ಈಗಲೂ ಉಂಟು. ಹುಡುಗ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. ದೊಡ್ಡವನಾಗಿ ಬ್ರಿಟಿಷರ ವಿರುದ್ಧ ಎದ್ದು ನಿಂತ ವೆಂಕಟಪ್ಪ ನಾಯಕ 1858ರಲ್ಲಿ ಅವರ ಸೆರೆಯಲ್ಲೇ ಪ್ರಾಣ ಬಿಟ್ಟ. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಅದು ಅವನು ತೀರಿಕೊಂಡ ಮೇಲೆ, 1877ರಲ್ಲಿ ಪ್ರಕಟವಾಯಿತು. ಇಂಥದ್ದೇ ಕಥೆಯನ್ನು ಇವತ್ತು ಯಂತ್ರವೂ ಬರೆದೀತು. ಆದರೆ ತಾನು ಬೆಳೆಸಿದ ಹುಡುಗನನ್ನು ಸೆರೆಮನೆಯಲ್ಲಿ ಕಂಡು ಬಂದವನ ಸಂಕಟ ಅದಕ್ಕೆ ಎಲ್ಲಿಂದ ಬರಬೇಕು?

ಅರಸ ಹೋದ ಮೇಲೆ ಸಂಸ್ಥಾನ ನಿಜಾಮನ ಪಾಲಾಯಿತು. ಚಿತ್ರಗಾರರಿಗೆ ಆಶ್ರಯ ತಪ್ಪಿತು. ಆಗ ಕಂಪ್ಯೂಟರೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಬೇಕು ಎಂದು ಕೇಳುವವರು, ಕೆಲಸಕ್ಕೆ ಕೂಲಿ ಕೊಡುವವರು ಕಡಿಮೆಯಾದರೆ ಸಾಕು, ಕಲೆ ಸೊರಗುತ್ತದೆ. ಯಂತ್ರ ಬಂದು ಕಲೆಯನ್ನು ಕೊಲ್ಲುತ್ತದೋ ಎಂದು ನಾವು ಚರ್ಚೆ ಮಾಡುತ್ತೇವೆ. ಸುರಪುರವನ್ನು ನೋಡಿದರೆ ಕೇಳಿಕೊಳ್ಳಬೇಕಾದ್ದು ಬೇರೆ: ಕಲಾವಿದನನ್ನು ಕರೆದು ಕೆಲಸ ಕೊಡುವವರು ಯಾರು?

ಇವತ್ತಿನ ಅರಸರು ನಾವೇ

ಈಗ ಅರಮನೆ ಇಲ್ಲ. ಮದುವೆಯ ಕಾಗದ, ಹೊಸ ಮನೆಯ ಹೆಸರಿನ ಫಲಕ, ಮಸೀದಿಯ ಕಮಾನಿನ ಬರಹ, ಮದರಸದ ವಾರ್ಷಿಕೋತ್ಸವದ ಬ್ಯಾನರ್, ಇವನ್ನೆಲ್ಲ ಮಾಡಿಸುವವರು ನಾವು. ಅಂದರೆ ಇವತ್ತಿನ ಅರಸರು ನಾವೇ. ಲೆಕ್ಕ ಬರೆಯಲು, ಅರ್ಜಿ ತಿದ್ದಲು ಯಂತ್ರ ಬಳಸಿದರೆ ತಪ್ಪೇನಿಲ್ಲ. ಆದರೆ ಮನೆಯ ಸಂತೋಷಕ್ಕೆ ಬೇಕಾದ್ದನ್ನು ಊರಿನ ಒಂದು ಕೈಯಿಂದ ಮಾಡಿಸೋಣ. ಕೇಳಿದ ಸಂಬಳ ಕೊಡೋಣ. ಮೂಲೆಯಲ್ಲಿ ಅವರ ಹೆಸರನ್ನೂ ಹಾಕಿಸೋಣ. ಗೋಗಿಯ ಕಲ್ಲುಕುಟಿಗನಿಗೆ ಸಿಗದೇ ಹೋದದ್ದು ನಮ್ಮ ಕಾಲದವರಿಗಾದರೂ ಸಿಗಲಿ.

ಇನ್ನೊಂದು ಮಾತು ನೇರವಾಗಿ ನಮಗೇ ಸಂಬಂಧಿಸಿದ್ದು. ಈ ಯಂತ್ರಗಳು ಕಲಿಯುವುದು ಮನುಷ್ಯರು ಬರೆದಿಟ್ಟದ್ದರಿಂದ. ಬ್ಯಾರಿ ಭಾಷೆಯಲ್ಲಿ ಬರೆದಿಟ್ಟದ್ದು ಎಷ್ಟಿದೆ? 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ 'ಬ್ಯಾರಿ' ಚಲನಚಿತ್ರ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಆದರೂ ಹಿರಿಯ ಉಮ್ಮಂದಿರ ಬಾಯಲ್ಲಿರುವ ಮದುವೆಯ ಹಾಡು, ಗಾದೆ, ತಮಾಷೆಗಳಲ್ಲಿ ಬಹುಪಾಲು ಕಾಗದಕ್ಕೆ ಇಳಿದಿಲ್ಲ. ಅವರು ಹೋದರೆ ಅವೂ ಹೋದ ಹಾಗೆ. ಆಮೇಲೆ ಯಂತ್ರವನ್ನು ಕೇಳಿದರೆ ಅದು ನಮ್ಮ ಮದುವೆ ಕಾಗದದ ಬಿಸ್ಮಿಲ್ಲಾದ ಹಾಗೆಯೇ ಬ್ಯಾರಿಯಂತೆ ಕಾಣುವ ಏನನ್ನೋ ಕೊಟ್ಟೀತು, ಅಷ್ಟೇ.

ಹಾಗಾಗಿ ಈ ವಾರ ಒಂದು ಕೆಲಸ ಮಾಡೋಣ. ಚಿತ್ರ ಮಾಡಿಸಿದ ಅದೇ ಮೊಬೈಲನ್ನು ಮನೆಯ ಹಿರಿಯರ ಎದುರು ಇಟ್ಟು, ರೆಕಾರ್ಡ್ ಒತ್ತಿ, "ಒಂದು ಹಾಡು ಹೇಳಿ" ಎಂದು ಕೇಳೋಣ. ಹಾಡಿದವರ ಹೆಸರು, ಊರು, ದಿನಾಂಕ ಮರೆಯದೆ ಬರೆದಿಡೋಣ. ಮುಂದಿನ ಮದುವೆಯ ಕಾಗದಕ್ಕೆ ನಾವಂತೂ ಊರಿನ ಕೈಬರಹದವರನ್ನೇ ಹುಡುಕಿ ಹೊರಟಿದ್ದೇವೆ.