ಹಗ್ಗ ಹಿಡಿದವರಿಗೆಲ್ಲ ಮೀನು

ಅಜ್ಜನ ಬಾಲ್ಯ ಮಲ್ಪೆಯ ಕಡಲ ತೀರದ್ದು. 1960ರ ದಶಕ. ಮಳೆಗಾಲ ಕಳೆದು ಬಂಗುಡೆ, ಬೂತಾಯಿ ದಡದ ಹತ್ತಿರ ಬಂದರೆ ಕೇರಿಗೆ ಕೇರಿಯೇ ರಂಪಣಿ ಎಳೆಯಲು ಓಡುತ್ತಿತ್ತಂತೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುವುದು, ಎರಡೂ ತುದಿಯ ಹಗ್ಗವನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುವುದು. ಶಾಲೆ ತಪ್ಪಿಸಿ ಕೈಹಾಕಿದ ಹುಡುಗರಿಗೂ ಒಂದು ಬುಟ್ಟಿ ಮೀನು. (ಬೂತಾಯಿ ಹೆಚ್ಚಾದರೆ ತೆಂಗಿನ ಬುಡಕ್ಕೆ ಗೊಬ್ಬರ!)

1970ರ ದಶಕದಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂತು. ಮೀನನ್ನು ದಡಕ್ಕೆ ಬರುವ ಮೊದಲೇ ಹಿಡಿದರು. ರಂಪಣಿಗೆ ಕೆಲಸವಿಲ್ಲದಾಯಿತು, ಅಜ್ಜ ಮುಂಬೈಯ ಹೋಟೆಲ್ ಸೇರಿದರು.

ನಾನೀಗ ಆಟೊಮೇಷನ್ ಓದುತ್ತಿದ್ದೇನೆ.

"ಒಂದು ಯಂತ್ರ ಎಷ್ಟು ಜನರ ಕೆಲಸ ಮಾಡ್ತದೆ ಮಗಾ?"

ಲೆಕ್ಕ ಹೇಳಿದೆ.

"ಅಷ್ಟೂ ಜನರ ಪಾಲಿನ ಮೀನು?" ಎಂದರು ಅಜ್ಜ.